ನೈಟ್ರೋಸೆಲ್ಯುಲೋಸೋ ಪಿವಿಡಿಎಫೋ: ವೆಸ್ಟರ್ನ್ ಬ್ಲಾಟ್‌ಗೆ ಮೆಂಬ್ರೇನ್ ಆರಿಸುವವರಿಗೆ

ಜೆಲ್‌ನಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿದ ಪ್ರೋಟೀನುಗಳನ್ನು ಮೆಂಬ್ರೇನ್ ಎಂಬ ತೆಳು ಹಾಳೆಗೆ ದಾಟಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸುವ ವಿಧಾನ ವೆಸ್ಟರ್ನ್ ಬ್ಲಾಟ್. ಅದು ಕೈಕೊಟ್ಟಾಗ ಎಲ್ಲರೂ ಮೊದಲು ಬೈಯುವುದು ಆಂಟಿಬಾಡಿಯನ್ನು. ಆಮೇಲೆ ಪ್ರೋಟೀನ್ ದಾಟಿಸುವ ದ್ರಾವಣವಾದ ಟ್ರಾನ್ಸ್‌ಫರ್ ಬಫರ್, ಅದಾದ ಮೇಲೆ ಬ್ಯಾಂಡನ್ನು ಬೆಳಗಿಸಿ ತೋರಿಸುವ ಇಸಿಎಲ್ ರಾಸಾಯನಿಕ. ಮೆಂಬ್ರೇನಿನ ಸರದಿ ಬರುವುದೇ ಅಪರೂಪ, ಯಾಕೆಂದರೆ ಅದನ್ನು ಯಾರೂ ಆರಿಸಿರುವುದಿಲ್ಲ. ಡ್ರಾಯರ್‌ನಲ್ಲಿ ಇದ್ದದ್ದನ್ನು ಕತ್ತರಿಸಿಕೊಂಡಿರುತ್ತಾರೆ. ಹೊಸದಾಗಿ ಸೇರಿದವರು ಕೇಳಿದರೆ ಸೀನಿಯರ್‌ಗಳಿಂದ ಬರುವ ಉತ್ತರವೂ ಸಿದ್ಧವಿರುತ್ತದೆ: "ನಮ್ಮ ಲ್ಯಾಬಲ್ಲಿ ಮೊದಲಿಂದ ಇದನ್ನೇ ಬಳಸೋದು."

ನನ್ನ ಮಟ್ಟಿಗೆ ಎರಡು ಪ್ರಶ್ನೆ ಕೇಳಿಕೊಂಡರೆ ಆಯ್ಕೆ ಮುಕ್ಕಾಲು ಪಾಲು ಮುಗಿಯುತ್ತದೆ. ನೀವು ಹುಡುಕುತ್ತಿರುವ ಪ್ರೋಟೀನ್ ಎಷ್ಟು ಕಿಲೊಡಾಲ್ಟನ್ (ಪ್ರೋಟೀನಿನ ತೂಕದ ಅಳತೆ)? ಒಂದೇ ಬ್ಲಾಟನ್ನು ಸ್ಟ್ರಿಪ್ ಮಾಡಿ, ಅಂದರೆ ಹಳೆಯ ಆಂಟಿಬಾಡಿಯನ್ನು ತೊಳೆದು ತೆಗೆದು, ಎಷ್ಟು ಸಲ ಬೇರೆ ಬೇರೆ ಆಂಟಿಬಾಡಿ ಹಾಕುತ್ತೀರಿ? ನನ್ನ ಒಲವನ್ನು ಮುಚ್ಚಿಡುವುದಿಲ್ಲ: ಬೇರೆ ಕಾರಣ ಇಲ್ಲದಿದ್ದರೆ 0.2 ಮೈಕ್ರಾನ್ ರಂಧ್ರದ ನೈಟ್ರೋಸೆಲ್ಯುಲೋಸ್ ಹಿಡಿಯಿರಿ. ಪಿವಿಡಿಎಫ್ ಬೇಕಾಗುವ ಸಂದರ್ಭಗಳು ಖಂಡಿತ ಇವೆ. ಆದರೆ ಅವು ನಿರ್ದಿಷ್ಟವಾದವು, ಹೆಸರಿಟ್ಟು ಹೇಳಬಹುದಾದವು. "ಪಿವಿಡಿಎಫ್ ಅಂದ್ರೆ ಒಳ್ಳೇದು" ಎಂಬ ಸಾಮಾನ್ಯ ನಂಬಿಕೆ ಅವುಗಳಲ್ಲಿ ಸೇರಿಲ್ಲ.

ಎರಡೂ ಎಲ್ಲಿಂದ ಬಂದವು

ಹತ್ತಿಯ ಸೆಲ್ಯುಲೋಸಿಗೆ ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲ ಸೇರಿದರೆ ನೈಟ್ರೋಸೆಲ್ಯುಲೋಸ್. 1840ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಕ್ರಿಸ್ಟಿಯನ್ ಷೋನ್‌ಬೈನ್ ಇದನ್ನು ತಯಾರಿಸಿದಾಗ ಅದು ಸಿಡಿಮದ್ದಾಗಿ ಹೆಸರಾಯಿತು. ಸುಮಾರು 130 ವರ್ಷಗಳ ಮೇಲೆ, 1979ರಲ್ಲಿ, ಅದೇ ಊರಿನ ಫ್ರೀಡ್ರಿಕ್ ಮೀಷರ್ ಸಂಸ್ಥೆಯಲ್ಲಿ ಟೌಬಿನ್, ಸ್ಟೆಹೆಲಿನ್ ಮತ್ತು ಗಾರ್ಡನ್ ಜೆಲ್‌ನಿಂದ ಪ್ರೋಟೀನುಗಳನ್ನು ವಿದ್ಯುತ್ತಿನ ಬಲದಿಂದ ನೈಟ್ರೋಸೆಲ್ಯುಲೋಸಿಗೆ ದಾಟಿಸುವ ವಿಧಾನವನ್ನು ಪ್ರಕಟಿಸಿದರು. ಡಿಎನ್‌ಎಗೆ ಇದೇ ಮೆಂಬ್ರೇನನ್ನು ಎಡ್ವಿನ್ ಸದರ್ನ್ 1975ರಲ್ಲೇ ಬಳಸಿದ್ದರು. ಅವರ ಹೆಸರನ್ನು ದಿಕ್ಕಾಗಿ ತಿರುಗಿಸಿ, ಪ್ರೋಟೀನ್ ಬ್ಲಾಟಿಗೆ "ವೆಸ್ಟರ್ನ್" ಎಂದು 1981ರಲ್ಲಿ ಹೆಸರಿಟ್ಟವರು ನೀಲ್ ಬರ್ನೆಟ್. ಪಿವಿಡಿಎಫ್, ಅಂದರೆ ಪಾಲಿವಿನೈಲಿಡೀನ್ ಫ್ಲೋರೈಡ್, ಈ ಕೆಲಸಕ್ಕೆ ಬಂದದ್ದು 1980ರ ದಶಕದ ನಡುವಿನಲ್ಲಿ. ಅದು ಗಟ್ಟಿ, ನೀರೊಲ್ಲದ ಪ್ಲಾಸ್ಟಿಕ್.

ಈ ಹುಟ್ಟಿನಲ್ಲೇ ಇವುಗಳ ಗುಣವೂ ಇದೆ. ನೈಟ್ರೋಸೆಲ್ಯುಲೋಸ್ ನೀರು ಕಂಡರೆ ನೆನೆಯುತ್ತದೆ, ಶುದ್ಧ ಮೆಥನಾಲ್ ತಾಗಿದರೆ ಕರಗುತ್ತದೆ, ಒಣಗಿದರೆ ಗಿರಿಗಿರಿ ಮುರಿಯುತ್ತದೆ, ಬೆಂಕಿ ಕಂಡರೆ ಭಗ್ಗನೆ ಉರಿಯುತ್ತದೆ. ಪಿವಿಡಿಎಫ್‌ನದು ಹೆಚ್ಚೂಕಡಿಮೆ ಇದಕ್ಕೆ ತದ್ವಿರುದ್ಧ.

ಡಬ್ಬಿಯ ಮೇಲಿನ ಅಂಕಿ

ಕ್ಯಾಟಲಾಗಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೈಂಡಿಂಗ್ ಸಾಮರ್ಥ್ಯ. ನೈಟ್ರೋಸೆಲ್ಯುಲೋಸಿಗೆ ಚದರ ಸೆಂಟಿಮೀಟರಿಗೆ ಸುಮಾರು 80ರಿಂದ 100 ಮೈಕ್ರೊಗ್ರಾಂ, ಪಿವಿಡಿಎಫ್‌ಗೆ 150ರಿಂದ 200. ಓದಿದವರು ಪಿವಿಡಿಎಫ್ ಎರಡು ಪಟ್ಟು ಸೂಕ್ಷ್ಮ ಎಂದುಕೊಳ್ಳುತ್ತಾರೆ. ಪೆನ್ಸಿಲ್ ಹಿಡಿದು ಒಂದು ಲೆಕ್ಕ ಹಾಕಿ ನೋಡೋಣ. ಮಿನಿ ಜೆಲ್‌ನ ಒಂದು ಲೇನ್ (ಒಂದು ಸ್ಯಾಂಪಲ್ ಓಡುವ ಪಟ್ಟಿ) 5 ಮಿಲಿಮೀಟರ್ ಅಗಲ, 6 ಸೆಂಟಿಮೀಟರ್ ಉದ್ದ ಎನ್ನಿ. 3 ಚದರ ಸೆಂಟಿಮೀಟರ್ ಆಯಿತು. ಅದಕ್ಕೆ 20 ಮೈಕ್ರೊಗ್ರಾಂ ಲೈಸೇಟ್ (ಜೀವಕೋಶ ಒಡೆದು ತೆಗೆದ ಪ್ರೋಟೀನ್ ಮಿಶ್ರಣ) ಹಾಕಿದರೆ ಚದರ ಸೆಂಟಿಮೀಟರಿಗೆ 7 ಮೈಕ್ರೊಗ್ರಾಂ ಕೂಡ ಬರುವುದಿಲ್ಲ. ಹಾಗಿದ್ದರೆ ಬ್ಯಾಂಡಿನ ಜಾಗದಲ್ಲಿ? ಒಟ್ಟು ಪ್ರೋಟೀನಿನ ಶೇ 5ರಷ್ಟು ಒಂದೇ ಬ್ಯಾಂಡಿನಲ್ಲಿ ಕೂತಿದೆ ಎಂದೇ ಇಟ್ಟುಕೊಳ್ಳಿ, ಅಂದರೆ 1 ಮೈಕ್ರೊಗ್ರಾಂ. ಬ್ಯಾಂಡ್ 5 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪ. ಆಗಲೂ ಚದರ ಸೆಂಟಿಮೀಟರಿಗೆ 20 ಮೈಕ್ರೊಗ್ರಾಂ ಮಾತ್ರ. ನೈಟ್ರೋಸೆಲ್ಯುಲೋಸಿನ ಮಿತಿಯ ಕಾಲು ಭಾಗ.

ಹಾಗಾಗಿ ಸಾಮರ್ಥ್ಯದ ಅಂಕಿಯನ್ನು ನೋಡಿ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಮುಖ್ಯವಾಗುವುದು ಬೇರೆ ಎರಡು ಸಂಗತಿ: ಟ್ರಾನ್ಸ್‌ಫರ್ ಆಗುವಾಗ ಪ್ರೋಟೀನ್ ಮೆಂಬ್ರೇನಿನಲ್ಲಿ ನಿಲ್ಲುತ್ತದೆಯೇ, ಇಲ್ಲವೇ ತೂರಿಕೊಂಡು ಆಚೆ ಹೋಗುತ್ತದೆಯೇ? ನಿಂತದ್ದು ಟ್ವೀನ್ ಎಂಬ ಡಿಟರ್ಜೆಂಟ್ ಹಾಕಿದ ಬಫರಿನಲ್ಲಿ ಮತ್ತೆ ಮತ್ತೆ ತೊಳೆದ ಮೇಲೂ ಉಳಿಯುತ್ತದೆಯೇ? ಎರಡನೆಯದರಲ್ಲಿ ಪಿವಿಡಿಎಫ್ ಮುಂದು, ಅದನ್ನು ಒಪ್ಪಲೇಬೇಕು. ಮೊದಲನೆಯದನ್ನು ನಿರ್ಧರಿಸುವುದು ಬಹುಪಾಲು ರಂಧ್ರದ ಗಾತ್ರ.

0.45 ಯಾರಿಗೆ, 0.2 ಯಾರಿಗೆ

ರೂಢಿಯ ನಿಯಮ ಸರಳ. 20–30 ಕಿಲೊಡಾಲ್ಟನ್‌ಗಿಂತ ದೊಡ್ಡ ಪ್ರೋಟೀನಿಗೆ 0.45 ಮೈಕ್ರಾನ್, ಅದಕ್ಕಿಂತ ಚಿಕ್ಕದಕ್ಕೆ 0.2. ಹತ್ತಕ್ಕಿಂತ ಕೆಳಗಿನ ಪೆಪ್ಟೈಡುಗಳಿಗೆ 0.1 ಕೂಡ ಸಿಗುತ್ತದೆ. ಈ ನಿಯಮದಲ್ಲಿ ಬಹಳ ಜನ ಗಮನಿಸದ ಒಂದು ಮಾತಿದೆ: 0.2ರಲ್ಲಿ ದೊಡ್ಡ ಪ್ರೋಟೀನುಗಳೂ ಚೆನ್ನಾಗಿಯೇ ಹಿಡಿಯುತ್ತವೆ. 0.45ರಲ್ಲಿ ಚಿಕ್ಕವು ನಿಲ್ಲುವ ಖಾತ್ರಿ ಇಲ್ಲ. ಇಬ್ಬರು ಮೂವರು ಹಂಚಿಕೊಳ್ಳುವ ಲ್ಯಾಬಿನಲ್ಲಿ ಒಂದೇ ರೋಲ್ ತರಿಸುವುದಾದರೆ ಯಾವುದನ್ನು ತರಿಸಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ತೂರಿ ಹೋಗುತ್ತಿದೆಯೇ ಎಂದು ಊಹಿಸುತ್ತ ಕೂರಬೇಕಿಲ್ಲ, ಕಣ್ಣಾರೆ ನೋಡಬಹುದು. ಸ್ಯಾಂಡ್‌ವಿಚ್ ಕಟ್ಟುವಾಗ ಜೆಲ್ ಮೇಲೆ ಒಂದರ ಬದಲು ಎರಡು ಮೆಂಬ್ರೇನ್ ಇಡಿ. ಜೆಲ್‌ಗೆ ತಾಗಿದ್ದಕ್ಕೆ ಪೆನ್ಸಿಲ್‌ನಲ್ಲಿ ಒಂದು ಎಂದು, ಹಿಂದಿನದಕ್ಕೆ ಎರಡು ಎಂದು ಬರೆಯಿರಿ. ಟ್ರಾನ್ಸ್‌ಫರ್ ಮುಗಿದ ಮೇಲೆ ಎರಡನ್ನೂ ಪ್ರೋಟೀನಿಗೆ ಗುಲಾಬಿ ಬಣ್ಣ ಕೊಡುವ ಪೊನ್ಸೊದಲ್ಲಿ ಅದ್ದಿ, ಜೆಲ್ಲನ್ನು ನೀಲಿ ಬಣ್ಣ ಕೊಡುವ ಕೂಮಾಸಿಗೆ ಹಾಕಿ. ಎರಡನೆಯ ಮೆಂಬ್ರೇನಿನ ಕೆಳತುದಿಯಲ್ಲಿ, ತೂಕ ಗೊತ್ತಿರುವ ಪ್ರೋಟೀನುಗಳ ಮಾರ್ಕರಿನ 10 ಮತ್ತು 15 ಕಿಲೊಡಾಲ್ಟನ್ ಗೆರೆಗಳ ಬಳಿ, ತೆಳು ಗುಲಾಬಿ ಗೆರೆ ಕಂಡರೆ ನಿಮ್ಮ ಚಿಕ್ಕ ಪ್ರೋಟೀನ್ ಆಚೆ ಹೋಗುತ್ತಿದೆ. ವೋಲ್ಟೇಜು ಅಥವಾ ಸಮಯ ಇಳಿಸಬೇಕು, ಇಲ್ಲವೇ ರಂಧ್ರ ಚಿಕ್ಕದಾಗಬೇಕು. ಜೆಲ್‌ನ ಮೇಲ್ಭಾಗದಲ್ಲಿ ನೀಲಿ ಉಳಿದಿದ್ದರೆ ತೊಂದರೆ ಮೆಂಬ್ರೇನಿನದಲ್ಲ. ದೊಡ್ಡವು ಜೆಲ್ ಬಿಟ್ಟು ಹೊರಟೇ ಇಲ್ಲ. ಹೊಸ ಪ್ರೋಟೀನ್ ಹಿಡಿದು ಕೂರುವ ಯಾರಾದರೂ ಈ ಒಂದು ಪ್ರಯೋಗ ಮಾಡಿಕೊಂಡರೆ ತಿಂಗಳುಗಟ್ಟಲೆ ಅಲೆಯುವುದು ತಪ್ಪುತ್ತದೆ.

ಚಿಕ್ಕ ಪ್ರೋಟೀನುಗಳಲ್ಲೂ ಒಂದೊಂದರ ಹಟ ಒಂದೊಂದು ಥರ. ಹಿಸ್ಟೋನುಗಳು 0.2 ನೈಟ್ರೋಸೆಲ್ಯುಲೋಸಿನಲ್ಲಿ ತಕರಾರಿಲ್ಲದೆ ಕೂರುತ್ತವೆ. ಆಟೋಫಜಿ (ಜೀವಕೋಶ ತನ್ನದೇ ಭಾಗಗಳನ್ನು ಅರಗಿಸಿಕೊಳ್ಳುವ ಕ್ರಿಯೆ) ಓದುವವರ ಎಲ್‌ಸಿ3 ಪ್ರೋಟೀನಿನ ಎರಡನೆಯ ರೂಪ ಓಡುವುದು 14–16 ಕಿಲೊಡಾಲ್ಟನ್ ಹತ್ತಿರ, ಜೊತೆಗೆ ಅದಕ್ಕೆ ಲಿಪಿಡ್ ಅಂಟಿರುತ್ತದೆ. ಅಲ್ಲಿ 0.2 ಪಿವಿಡಿಎಫ್‌ಗೆ ಹೋಗುವುದರಲ್ಲಿ ನ್ಯಾಯವಿದೆ. ಪಾರ್ಕಿನ್‌ಸನ್ ಸಂಶೋಧಕರ ಆಲ್ಫಾ-ಸಿನ್ಯೂಕ್ಲೀನ್ ಮೆಂಬ್ರೇನಿಗೆ ಬಂದು ಸೇರುತ್ತದೆ, ಆದರೆ ತೊಳೆಯುವಾಗ ಬಿಟ್ಟು ಹೋಗುತ್ತದೆ. ಟ್ರಾನ್ಸ್‌ಫರ್ ಆದ ಕೂಡಲೇ ಶೇ 0.4ರ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಅರ್ಧ ಗಂಟೆ ಇಟ್ಟರೆ ನಿಲ್ಲುತ್ತದೆ. ಅಲ್‌ಝೈಮರ್‌ನ ಅಮೈಲಾಯ್ಡ್ ಬೀಟಾ ಬರೀ 4 ಕಿಲೊಡಾಲ್ಟನ್. ಅದಕ್ಕೆ ಹಳೆಯ, ಪರೀಕ್ಷಿತ ಉಪಾಯ ಒಂದಿದೆ: 0.2 ನೈಟ್ರೋಸೆಲ್ಯುಲೋಸಿಗೆ ದಾಟಿಸಿ, ಮೆಂಬ್ರೇನನ್ನೇ ಪಿಬಿಎಸ್ ಎಂಬ ಉಪ್ಪಿನ ಬಫರಿನಲ್ಲಿ ಐದು ನಿಮಿಷ ಕುದಿಸುವುದು. ಕುದಿಸಿದ ಮೇಲೆ ಆಂಟಿಬಾಡಿಗೆ ಹಿಡಿಯುವ ಜಾಗ ತೆರೆದುಕೊಂಡು ಸಿಗ್ನಲ್ ಎಷ್ಟೋ ಪಾಲು ಏರುತ್ತದೆ. ನಾಜೂಕಿನ ಮೆಂಬ್ರೇನ್ ಎನಿಸಿಕೊಂಡದ್ದು ಈ ಕುದಿತವನ್ನು ತಡೆದುಕೊಳ್ಳುತ್ತದೆ.

ಇನ್ನೊಂದು ತುದಿಯಲ್ಲಿ ಎಂಟಾರ್ (289 ಕಿಲೊಡಾಲ್ಟನ್) ತರಹದ ಭಾರಿ ಪ್ರೋಟೀನುಗಳು. ಇವನ್ನು ಜೆಲ್‌ನಿಂದ ಹೊರಡಿಸಲು ಬಫರಿನಲ್ಲಿ ಮೆಥನಾಲ್ ಶೇ 10ಕ್ಕೆ ಇಳಿಸಿ, ಚೂರು ಎಸ್‌ಡಿಎಸ್ ಡಿಟರ್ಜೆಂಟ್ ಸೇರಿಸಬೇಕಾಗುತ್ತದೆ. ಎಸ್‌ಡಿಎಸ್ ಇದ್ದರೆ ನೈಟ್ರೋಸೆಲ್ಯುಲೋಸಿನ ಹಿಡಿತ ಸಡಿಲವಾಗುತ್ತದೆ. ಇಲ್ಲಿ 0.45 ಪಿವಿಡಿಎಫ್ ಹಿಡಿಯಿರಿ, ಯೋಚನೆಯೇ ಬೇಡ.

ಮೆಥನಾಲ್ ಎಂಬ ಗಡಿರೇಖೆ

ಎರಡನ್ನೂ ಇಟ್ಟುಕೊಂಡಿರುವ ಲ್ಯಾಬುಗಳಲ್ಲಿ ಅತಿ ಹೆಚ್ಚು ಬ್ಲಾಟ್ ಹಾಳಾಗುವುದು ಈ ಹಂತದಲ್ಲಿ. ಪಿವಿಡಿಎಫ್ ಒಣಗಿದ್ದಾಗ ನೀರಿನ ಮೇಲೆ ಬೆಳ್ಳಗೆ ತೇಲುತ್ತದೆ, ಎಷ್ಟು ಹೊತ್ತು ಬಿಟ್ಟರೂ ನೆನೆಯುವುದಿಲ್ಲ. ಮೊದಲು ಮೆಥನಾಲಿನಲ್ಲಿ ಹದಿನೈದು–ಮೂವತ್ತು ಸೆಕೆಂಡ್ ಅದ್ದಬೇಕು. ಅದ್ದಿದ ಕ್ಷಣವೇ ಅರೆಪಾರದರ್ಶಕವಾಗುತ್ತದೆ. ಅಲ್ಲಿಂದ ನೀರಿಗೆ, ನೀರಿನಿಂದ ಟ್ರಾನ್ಸ್‌ಫರ್ ಬಫರಿಗೆ. ನಡುವೆ ಎಲ್ಲಾದರೂ ಒಣಗಿ ಬಿಳಿ ಮಚ್ಚೆ ಕಂಡರೆ ಮತ್ತೆ ಮೆಥನಾಲಿನಿಂದ ಶುರು.

ನೈಟ್ರೋಸೆಲ್ಯುಲೋಸನ್ನು ಆ ಮೆಥನಾಲ್ ಡಬ್ಬಿಯ ಹತ್ತಿರವೂ ಒಯ್ಯಬೇಡಿ. ಅಂಚು ಹಿಡಿದು, ಓರೆಯಾಗಿ, ನಿಧಾನಕ್ಕೆ ನೀರಿನ ಮೇಲೆ ಇಳಿಸಿ, ಕೆಳಗಿನಿಂದ ತಾನೇ ಹೀರಿಕೊಳ್ಳಲಿ. ಒಮ್ಮೆಲೇ ಮುಳುಗಿಸಿದರೆ ಒಳಗೆ ಗಾಳಿ ಸಿಕ್ಕಿಕೊಂಡು, ಆ ಜಾಗಗಳಲ್ಲಿ ಪ್ರೋಟೀನೇ ಕೂರುವುದಿಲ್ಲ. ಇಡೀ ಹಾಳೆ ಒಂದೇ ಬೂದು ಬಣ್ಣಕ್ಕೆ ತಿರುಗಿದರೆ ಸರಿಯಾಗಿ ನೆನೆದಿದೆ ಎಂದರ್ಥ.

"ಹಾಗಾದರೆ ಟ್ರಾನ್ಸ್‌ಫರ್ ಬಫರಿನಲ್ಲಿ ಮೆಥನಾಲ್ ಯಾಕೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಟೌಬಿನ್ ಬಫರಿನಲ್ಲಿ 25 ಮಿಲಿಮೋಲಾರ್ ಟ್ರಿಸ್, 192 ಮಿಲಿಮೋಲಾರ್ ಗ್ಲೈಸೀನ್, ಶೇ 20 ಮೆಥನಾಲ್ ಇರುತ್ತದೆ. ಆ ಪ್ರಮಾಣದಲ್ಲಿ ಅದು ಪ್ರೋಟೀನಿಗೆ ಅಂಟಿದ ಎಸ್‌ಡಿಎಸ್ಸನ್ನು ಬಿಡಿಸಿ ನೈಟ್ರೋಸೆಲ್ಯುಲೋಸಿಗೆ ಹಿಡಿಯಲು ನೆರವಾಗುತ್ತದೆ, ಜೆಲ್ ಉಬ್ಬದಂತೆ ತಡೆಯುತ್ತದೆ, ಮೆಂಬ್ರೇನಿಗೆ ಹಾನಿ ಮಾಡುವುದಿಲ್ಲ. ಮೆಥನಾಲಿನ ವಿಷದ ಭಯವಿದ್ದರೆ ಅಷ್ಟೇ ಎಥನಾಲ್ ಹಾಕಿ, ಕೆಲಸ ನಡೆಯುತ್ತದೆ. ಈ ಬಫರಿನ ಪಿಎಚ್ ತಾನಾಗಿಯೇ 8.3ರ ಬಳಿ ಬಂದು ನಿಲ್ಲುತ್ತದೆ. ಆಮ್ಲ ಹಾಕಿ ಸರಿಪಡಿಸಲು ಹೋದರೆ ಅಯಾನುಗಳು ಹೆಚ್ಚಿ, ಕರೆಂಟ್ ಏರಿ, ಟ್ಯಾಂಕ್ ಬಿಸಿಯಾಗುತ್ತದೆ.

ಬಣ್ಣ, ಬ್ಯಾಕ್‌ಗ್ರೌಂಡ್, ಫ್ಲೋರೆಸೆನ್ಸ್

ಪೊನ್ಸೊ ಹಾಕಿ ನೋಡುವ ಸುಖ ನೈಟ್ರೋಸೆಲ್ಯುಲೋಸಿನದು. ಗೆರೆಗಳು ಗುಲಾಬಿಯಾಗಿ ಎದ್ದು ಕಾಣುತ್ತವೆ, ಹಿನ್ನೆಲೆ ಬೆಳ್ಳಗೆ ಉಳಿಯುತ್ತದೆ, ಟಿಬಿಎಸ್‌ಟಿಯಲ್ಲಿ (ಟ್ವೀನ್ ಹಾಕಿದ ತೊಳೆಯುವ ಬಫರ್) ಎರಡು ನಿಮಿಷ ಅಲ್ಲಾಡಿಸಿದರೆ ಎಲ್ಲ ಹೋಗುತ್ತದೆ. ಪಿವಿಡಿಎಫ್‌ನಲ್ಲೂ ಬರುತ್ತದೆ, ಅಷ್ಟು ಸ್ಪಷ್ಟವಲ್ಲ. ಕೂಮಾಸಿ ಬೇಕೆನ್ನುವವರಿಗೆ ಮಾತ್ರ ಪಿವಿಡಿಎಫ್ಫೇ ಸರಿ. ನೈಟ್ರೋಸೆಲ್ಯುಲೋಸ್ ಆ ಬಣ್ಣವನ್ನು ತಾನೂ ಕುಡಿದು ನೀಲಿಯಾಗುತ್ತದೆ, ಬಣ್ಣ ಬಿಡಿಸುವ ಮೆಥನಾಲ್ ದ್ರಾವಣದಲ್ಲಿ ಸುಕ್ಕುಗಟ್ಟುತ್ತದೆ.

ಪಿವಿಡಿಎಫ್‌ನ ಬಲವೇ ಅದರ ಕಾಟವೂ ಹೌದು. ಪ್ರೋಟೀನನ್ನು ಬಿಗಿಯಾಗಿ ಹಿಡಿಯುವುದು ಆಂಟಿಬಾಡಿಯನ್ನೂ ಹಾಗೆಯೇ ಹಿಡಿಯುತ್ತದೆ, ಯಾಕೆಂದರೆ ಆಂಟಿಬಾಡಿಯೂ ಪ್ರೋಟೀನೇ. ಬ್ಲಾಕಿಂಗ್ (ಮೆಂಬ್ರೇನಿನ ಖಾಲಿ ಜಾಗವನ್ನು ಮೊದಲೇ ಮುಚ್ಚುವುದು) ಅರೆಬರೆ ಆದರೆ ಫಿಲ್ಮ್ ಪೂರ್ತಿ ಮಸಿ. ನೈಟ್ರೋಸೆಲ್ಯುಲೋಸಿಗೆ ಶೇ 5ರ ಕೆನೆರಹಿತ ಹಾಲಿನ ಪುಡಿಯಲ್ಲಿ ಒಂದು ಗಂಟೆ ಸಾಕು. (ಅಂಗಡಿಯಿಂದ ತರುವಾಗ ಪ್ಯಾಕೆಟ್ ಓದಿ. ಕಾಫಿ ಟೀಗೆ ಹಾಕುವ ಡೈರಿ ವೈಟ್ನರ್ ಬೇರೆ, ಅದರಲ್ಲಿ ಸಕ್ಕರೆಯೂ ಕೊಬ್ಬೂ ಇರುತ್ತದೆ. ಹಾಸ್ಟೆಲಿನ ಡಬ್ಬಿಯಿಂದ ಎರವಲು ತರುವ ಜಾಣರು ಎಲ್ಲ ಲ್ಯಾಬಿನಲ್ಲೂ ಒಬ್ಬರಿರುತ್ತಾರೆ.) ಫಾಸ್ಫೇಟ್ ಅಂಟಿದ ಪ್ರೋಟೀನನ್ನು ಗುರುತಿಸುವ ಫಾಸ್ಫೋ ಆಂಟಿಬಾಡಿಗೆ ಬಿಎಸ್‌ಎ (ಹಸುವಿನ ರಕ್ತದ ಪ್ರೋಟೀನ್) ಮೇಲು, ಹಾಲಿನ ಕೇಸೀನೇ ಫಾಸ್ಫೇಟ್ ಹೊತ್ತ ಪ್ರೋಟೀನ್. ಪತ್ತೆಗೆ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಜೋಡಿ ಬಳಸುವವರೂ ಹಾಲು ಬಿಡಬೇಕು, ಅದರಲ್ಲಿ ಬಯೋಟಿನ್ ಇದೆ.

ಫ್ಲೋರೆಸೆಂಟ್ ಸೆಕೆಂಡರಿ (ಮೊದಲ ಆಂಟಿಬಾಡಿಗೆ ಅಂಟುವ, ಹೊಳೆಯುವ ಎರಡನೆಯ ಆಂಟಿಬಾಡಿ) ಹಾಕಿ 700 ಮತ್ತು 800 ನ್ಯಾನೊಮೀಟರಿನಲ್ಲಿ ಸ್ಕ್ಯಾನ್ ಮಾಡುವವರಿಗೆ ಉತ್ತರ ಇನ್ನೂ ನೇರ. ಮಾಮೂಲಿ ಪಿವಿಡಿಎಫ್ ತಾನೇ ಹೊಳೆಯುತ್ತದೆ, ನೈಟ್ರೋಸೆಲ್ಯುಲೋಸ್ ಅಷ್ಟಾಗಿ ಹೊಳೆಯುವುದಿಲ್ಲ. ಇಮ್ಮೊಬಿಲಾನ್ ಎಫ್‌ಎಲ್ ತರಹದ, ಇದಕ್ಕೆಂದೇ ಮಾಡಿದ ಪಿವಿಡಿಎಫ್ ಸಿಗುತ್ತದೆ, ಬೆಲೆಯೂ ಹಾಗೇ ಇರುತ್ತದೆ. ಯಾವುದನ್ನೇ ಬಳಸಿದರೂ ಗುರುತಿಗೆ ಪೆನ್ಸಿಲ್ ಇರಲಿ, ಬಾಲ್‌ಪೆನ್ ಶಾಯಿ ಸ್ಕ್ಯಾನರಿನಲ್ಲಿ ದೀಪದಂತೆ ಹೊಳೆಯುತ್ತದೆ. ಸ್ಯಾಂಪಲ್‌ಗೆ ಬೆರೆಸುವ ಬ್ರೋಮೋಫಿನಾಲ್ ಬ್ಲೂ ಬಣ್ಣ ಕೂಡ 700ರಲ್ಲಿ ಹೊಳೆಯುವುದರಿಂದ ಜೆಲ್‌ನ ತುದಿಯಲ್ಲಿ ಅದು ಕೂತಿರುವ ಡೈ ಫ್ರಂಟನ್ನು ಮೊದಲೇ ಕತ್ತರಿಸಿ ತೆಗೆಯಿರಿ.

ಸ್ಟ್ರಿಪ್ ಮಾಡುವವರು

ಎರಡನೆಯ ಪ್ರಶ್ನೆಗೆ ಬಂದೆವು. ಶೇ 2 ಎಸ್‌ಡಿಎಸ್, ಮರ್ಕಾಪ್ಟೊಎಥನಾಲ್, 50 ಡಿಗ್ರಿ, ಅರ್ಧ ಗಂಟೆ: ಈ ಕಷಾಯದಲ್ಲಿ ನೈಟ್ರೋಸೆಲ್ಯುಲೋಸ್ ಒಂದು ಸಲ ಬಾಳುತ್ತದೆ, ಎರಡನೆಯ ಸಲ ಮೂಲೆ ಹರಿಯುತ್ತದೆ, ಪ್ರೋಟೀನೂ ಜೊತೆಗೆ ಒಂದಿಷ್ಟು ಹೋಗಿರುತ್ತದೆ. ಪಿವಿಡಿಎಫ್ ಹಲವು ಸುತ್ತು ತಡೆಯುತ್ತದೆ. ರೋಗಿಯ ಅಂಗಾಂಶದಂತಹ, ಮತ್ತೆ ಸಿಗದ ಸ್ಯಾಂಪಲ್ ನಿಮ್ಮದಾಗಿದ್ದು, ಒಂದೇ ಬ್ಲಾಟಿನಿಂದ ಮೂರು ನಾಲ್ಕು ಪ್ರೋಟೀನ್ ನೋಡಬೇಕಿದ್ದರೆ ಪಿವಿಡಿಎಫ್ಫೇ ಬೇಕು.

ನಡುವಿನ ದಾರಿ ಎಂದು ಸಪೋರ್ಟೆಡ್ ನೈಟ್ರೋಸೆಲ್ಯುಲೋಸ್ ಮಾರುತ್ತಾರೆ. ಒಳಗೆ ಪಾಲಿಯೆಸ್ಟರಿನ ತೆಳು ಹಂದರ ಇಟ್ಟು ಎರಡೂ ಕಡೆ ನೈಟ್ರೋಸೆಲ್ಯುಲೋಸ್ ಹೊಯ್ದಿರುತ್ತಾರೆ, ಹರಿಯುವುದಿಲ್ಲ. ಹೊಸಬರ ಕೈಗೆ ಕೊಡಲು ಒಳ್ಳೆಯದು. ಆದರೆ ಹರಿಯದಿರುವುದು ಬೇರೆ, ಪ್ರೋಟೀನನ್ನು ಹಿಡಿದಿಟ್ಟುಕೊಳ್ಳುವುದು ಬೇರೆ. ಅದರ ಹಿಡಿತ ಮಾಮೂಲಿ ನೈಟ್ರೋಸೆಲ್ಯುಲೋಸಿನಷ್ಟೇ.

ಸ್ಟ್ರಿಪ್ಪಿಂಗ್ ತಪ್ಪಿಸಿಕೊಳ್ಳಲು ಮೆಂಬ್ರೇನನ್ನೇ ಅಡ್ಡಡ್ಡ ಕತ್ತರಿಸಿ, ಮೇಲಿನ ತುಂಡಿಗೆ ಒಂದು ಆಂಟಿಬಾಡಿ, ಕೆಳಗಿನದಕ್ಕೆ ಹೋಲಿಕೆಗೆಂದು ನೋಡುವ ಜಿಎಪಿಡಿಎಚ್ ಪ್ರೋಟೀನಿನ ಆಂಟಿಬಾಡಿ ಹಾಕುವ ಪದ್ಧತಿ ನಮ್ಮಲ್ಲಿ ಧಾರಾಳವಾಗಿದೆ. ದುಡ್ಡು ಉಳಿಯುತ್ತದೆ ನಿಜ. ಆದರೆ ಈಗ ಅನೇಕ ಜರ್ನಲ್‌ಗಳು ಪೂರ್ತಿ ಬ್ಲಾಟಿನ ಚಿತ್ರ ಕೇಳುತ್ತವೆ. ಕತ್ತರಿಸುವ ಮುನ್ನ ಪೊನ್ಸೊ ಹಾಕಿದ ಇಡೀ ಮೆಂಬ್ರೇನನ್ನು ಮಾರ್ಕರ್ ಸಮೇತ ಸ್ಕ್ಯಾನ್ ಮಾಡಿ, ಕತ್ತರಿಸಿದ ಗೆರೆ ಎಲ್ಲಿ ಎಂದು ಬರೆದಿಡಿ. ಎಲ್ಲ ಲೇನಿಗೂ ಸಮನಾಗಿ ಪ್ರೋಟೀನ್ ಹಾಕಿದ್ದೀರಾ ಎಂದು ತೋರಿಸುವ ಲೋಡಿಂಗ್ ಕಂಟ್ರೋಲ್ ಆಗಿಯೂ ಆ ಚಿತ್ರ ಉಪಯೋಗಕ್ಕೆ ಬರುತ್ತದೆ.

ಪ್ರೋಟೀನಿನ ಅಮೈನೊ ಆಮ್ಲಗಳನ್ನು ಒಂದೊಂದಾಗಿ ಓದುವ ಎಡ್ಮನ್ ಸೀಕ್ವೆನ್ಸಿಂಗ್ ಈಗ ಮಾಡುವವರು ಕಡಿಮೆ. ಮಾಡುವುದಾದರೆ ಪಿವಿಡಿಎಫ್ ಮಾತ್ರ, ಅದರ ರಾಸಾಯನಿಕಗಳಿಗೆ ನೈಟ್ರೋಸೆಲ್ಯುಲೋಸ್ ನಿಲ್ಲುವುದಿಲ್ಲ.

ಕೊಳ್ಳುವಾಗ

"ಸೆಲ್ಯುಲೋಸ್ ಮೆಂಬ್ರೇನ್, ಅರ್ಧ ಬೆಲೆ" ಎಂಬ ಕೊಟೇಶನ್ ಬಂದರೆ ಸ್ಪೆಸಿಫಿಕೇಶನ್ ನೋಡಿ. ಮಿಕ್ಸೆಡ್ ಸೆಲ್ಯುಲೋಸ್ ಎಸ್ಟರ್ ಎಂದರೆ ನೈಟ್ರೇಟಿನ ಜೊತೆ ಅಸಿಟೇಟ್ ಬೆರೆತದ್ದು. ನೀರು ಸೋಸಿ ಬ್ಯಾಕ್ಟೀರಿಯಾ ಎಣಿಸಲು ಚೆನ್ನ, ಪ್ರೋಟೀನ್ ಹಿಡಿಯುವುದರಲ್ಲಿ ಹಿಂದೆ. ಬ್ಲಾಟಿಗೆ ಅಪ್ಪಟ ನೈಟ್ರೋಸೆಲ್ಯುಲೋಸ್ ಎಂದು ಬರೆದಿರಬೇಕು. ಇನ್ನೊಂದು ಗೊಂದಲ ರ‍್ಯಾಪಿಡ್ ಟೆಸ್ಟ್ ಕಿಟ್ಟಿನದು. ಗರ್ಭಪರೀಕ್ಷೆಯ ಪಟ್ಟಿಯಲ್ಲಿ, ಕೋವಿಡ್ ಆ್ಯಂಟಿಜೆನ್ ಕಿಟ್ಟಿನಲ್ಲಿ ಗೆರೆ ಮೂಡುವುದೂ ನೈಟ್ರೋಸೆಲ್ಯುಲೋಸಿನ ಮೇಲೆಯೇ. ಆದರೆ ಅಲ್ಲಿ ದ್ರವ ಸರಸರ ಹರಿಯಬೇಕು, ರಂಧ್ರಗಳು ಹಲವು ಮೈಕ್ರಾನ್ ದೊಡ್ಡವು, ಬೆನ್ನಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಪ್ಲಾಸ್ಟಿಕ್ ಅಡ್ಡ ಇದ್ದರೆ ವಿದ್ಯುತ್ ಹಾಯುವುದಿಲ್ಲ, ಬ್ಲಾಟಿಗೆ ಅದು ನಿಷ್ಪ್ರಯೋಜಕ.

ಆಮದು ಬ್ರ್ಯಾಂಡುಗಳಲ್ಲಿ ಆಮರ್‌ಶಾಮ್ ಪ್ರೋಟ್ರಾನ್, ಬಯೋ-ರ‍್ಯಾಡ್ ಎಲ್ಲ ಕಡೆ ಕಾಣುತ್ತವೆ. ಅಂಬಾಲಾದ ಅಡ್ವಾನ್ಸ್ಡ್ ಮೈಕ್ರೊಡಿವೈಸಸ್ ನಮ್ಮ ದೇಶದಲ್ಲೇ ನೈಟ್ರೋಸೆಲ್ಯುಲೋಸ್ ಮೆಂಬ್ರೇನ್ ತಯಾರಿಸುತ್ತದೆ. ಹೊರದೇಶದಿಂದ ಬರುವ ಮೆಂಬ್ರೇನ್ ತಡವಾದರೆ ಅದಕ್ಕೂ ಕಾರಣವಿದೆ: ಸಾಗಣೆಯ ನಿಯಮದಲ್ಲಿ ಇದು ಯುಎನ್ 3270, ಬೆಂಕಿ ಹತ್ತುವ ಘನವಸ್ತು. ಹಾಳೆಗಳ ಬದಲು 30 ಸೆಂಟಿಮೀಟರ್ ಅಗಲದ 3 ಮೀಟರ್ ರೋಲ್ ಅಗ್ಗ ಬೀಳುತ್ತದೆ, ಆದರೆ ವಾರಕ್ಕೆ ಒಂದು ಬ್ಲಾಟ್ ಮಾಡುವ ಲ್ಯಾಬಿನಲ್ಲಿ ರೋಲ್ ಮುಗಿಯುವ ಮೊದಲೇ ಹಳೆಯದಾಗುತ್ತದೆ.

ಹಳೆಯ ನೈಟ್ರೋಸೆಲ್ಯುಲೋಸ್ ಹಳದಿಗೆ ತಿರುಗಿ, ಮಡಿಸಿದಲ್ಲಿ ಸೀಳುತ್ತದೆ, ನೀರಿಗೆ ಬಿಟ್ಟರೆ ತೇಪೆತೇಪೆಯಾಗಿ ನೆನೆಯುತ್ತದೆ. ಬಿಸಿಲು, ಆಮ್ಲದ ಕಪಾಟು, ಬನ್ಸೆನ್ ಬರ್ನರ್ ಮೂರರಿಂದಲೂ ದೂರ, ಮುಚ್ಚಿದ ಕವರಿನಲ್ಲಿ ಇಡಿ. ಡ್ರಾಯರಿನಲ್ಲಿ ಸಿಕ್ಕ ತಾರೀಖಿಲ್ಲದ ರೋಲನ್ನು ಬಳಸಬಹುದೇ ಎಂಬ ಅನುಮಾನ ಬಂದರೆ ಒಂದು ಮೂಲೆ ಕತ್ತರಿಸಿ, ಬಿಎಸ್‌ಎಯನ್ನು ಮಿಲಿಲೀಟರಿಗೆ 2, 1, 0.5 ಮಿಲಿಗ್ರಾಂಗೆ ತೆಳುಮಾಡಿ, ಒಂದೊಂದು ಮೈಕ್ರೊಲೀಟರ್ ಚುಕ್ಕಿ ಇಟ್ಟು ಒಣಗಲು ಬಿಡಿ. ಪಕ್ಕದಲ್ಲೇ ಹೊಸ ಮೆಂಬ್ರೇನಿನ ತುಂಡಿಗೂ ಅದನ್ನೇ ಮಾಡಿ ಎರಡಕ್ಕೂ ಪೊನ್ಸೊ ಹಾಕಿ. ಚುಕ್ಕಿಗಳು ಸಮನಾಗಿದ್ದು ಅಂಚು ಹರಡದಿದ್ದರೆ ರೋಲ್ ಇನ್ನೂ ಗಟ್ಟಿಯಿದೆ, ಬಳಸಿ.